ಗೋಡೆ ಮುಟ್ಟುವ ತನಕ ಅಂಗಾತ

ನೀವು ಕೇಳಿರೋದು ಇದು: ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 200 ಮೀಟರ್ ವೈಯಕ್ತಿಕ ಮೆಡ್ಲೆ ಫೈನಲ್‌ನಲ್ಲಿ ಅಮೆರಿಕದ ಅಲೆಕ್ಸ್ ವಾಲ್ಷ್ ಮೂರನೆಯವರಾಗಿ ಬಂದರು, ಆದರೂ ಒಂದು ತಿರುವಿನ ಸಲುವಾಗಿ ಅನರ್ಹ ಮಾಡಿದರು. ಇದು ಅನ್ಯಾಯ ಅಲ್ವಾ?

ಅನ್ಯಾಯ ಅಲ್ಲ. ನೋಡಿದರೆ ಕರುಳು ಚುರ್ ಅನ್ನುತ್ತೆ, ಅದು ಬೇರೆ ಮಾತು. ನನ್ನ ಮಗಳಿಗೂ ಇದೇ ಆಗಿದೆ, ಅದಕ್ಕೇ ಉತ್ತರ ಬರೆಯೋಕೆ ಕೂತೆ.

ಮೆಡ್ಲೆಯಲ್ಲಿ ಮೊದಲು ಬಟರ್‌ಫ್ಲೈ, ಆಮೇಲೆ ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಫ್ರೀಸ್ಟೈಲ್. 200 ಮೀಟರ್ ಅಂದರೆ ತಲಾ 50. ಈ ನಾಲ್ಕರಲ್ಲಿ ಮುಂದಿನ ಗೋಡೆ ಕಾಣದೇ ಇರೋದು ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮಾತ್ರ.

ನಾನು ಈಸು ಕಲಿತದ್ದು ಗಂಗಾವತಿ ಕಡೆ, ಸೋದರಮಾವನ ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಪಾವಟಿಗೆ ಮೇಲಿಂದ ನೂಕುತ್ತಿದ್ದರು. ಬಾವಿಯಲ್ಲಿ ಅಂಗಾತ ಈಸಿದರೆ ಕಾಣೋದು ದುಂಡನೆಯ ಆಕಾಶ, ಬಾಗಿದ ಜಾಲಿ ಟೊಂಗೆಗೆ ನೇತಾಡುವ ಗೀಜಗನ ಗೂಡು, ಅಷ್ಟೇ. ಗೋಡೆ ಬಂತು ಅಂತ ತಿಳಿಯೋದು ನೆತ್ತಿಗೆ ಕಲ್ಲು ಬಡಿದಾಗ. ಒಂದು ಸಲ ಬಡಿಸಿಕೊಂಡ ಮೇಲೆ, ಗೋಡೆ ಹತ್ತಿರ ಅನಿಸಿದ ಕೂಡಲೇ ಮೈ ತಾನಾಗೇ ಹೊರಳುತ್ತೆ. ನಿಯಮ ತಡೆಯೋದು ಆ ಹೊರಳೋದನ್ನೇ.

ಬರೀ ಬ್ಯಾಕ್‌ಸ್ಟ್ರೋಕ್ ರೇಸ್‌ನಲ್ಲಿ ನಡುವಿನ ತಿರುವಿಗೆ ಬೋರಲಾಗಿ ಪಲ್ಟಿ ಹೊಡೆಯಬಹುದು. ಟೀವಿಯಲ್ಲಿ ಅದನ್ನು ನೋಡಿದವರಿಗೇ ಇಲ್ಲಿ ಗೊಂದಲ. ಆದರೆ ರೇಸ್ ಮುಗಿಸುವಾಗ ಅಂಗಾತ ಇದ್ದೇ ಮುಟ್ಟಬೇಕು. ಮೆಡ್ಲೆಯಲ್ಲಿ ಬ್ಯಾಕ್‌ನಿಂದ ಬ್ರೆಸ್ಟ್‌ಗೆ ಹೋಗುವ ತಿರುವು ಸುಮ್ನೆ ತಿರುವಲ್ಲ, ಬ್ಯಾಕ್‌ಸ್ಟ್ರೋಕ್ ಅಲ್ಲಿಗೆ ಮುಗೀತು ಅಂತ ಲೆಕ್ಕ. ಅದಕ್ಕೇ ಮುಗಿಸುವ ನಿಯಮ. ಪಕ್ಕಕ್ಕೆ ವಾಲಬಹುದು, ಆದರೆ ಕೈ ಗೋಡೆಗೆ ತಾಗುವ ತನಕ 90 ಡಿಗ್ರಿಗಿಂತ ಒಳಗೇ ಇರಬೇಕು. ವೇಗದ ಈಜುಗಾರ್ತಿಯರು ಕೈಯನ್ನು ಅಡ್ಡ ಚಾಚಿ, ಆ ಅಂಚಿನ ತನಕ ವಾಲಿ, ಮುಟ್ಟಿದ ಕ್ಷಣಕ್ಕೆ ಪಲ್ಟಿ ಹೊಡೀತಾರೆ. ಸೆಕೆಂಡಿನ ಒಂದಷ್ಟು ಭಾಗ ಉಳಿಯುತ್ತೆ. ಕೂದಲೆಳೆಯಷ್ಟು ಜಾಸ್ತಿ ಹೊರಳಿದರೆ ಎಲ್ಲಾ ಹೋಯ್ತು.

ಆ ಒಂದಷ್ಟು ಭಾಗದ ಬೆಲೆ ವಾಲ್ಷ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೋಕಿಯೊದಲ್ಲಿ ಇದೇ ಸ್ಪರ್ಧೆಯಲ್ಲಿ ಜಪಾನಿನ ಯುಯಿ ಒಹಾಶಿ 2:08.52, ವಾಲ್ಷ್ 2:08.65. ಬರೀ 0.13 ಸೆಕೆಂಡಿಗೆ ಚಿನ್ನ ತಪ್ಪಿತ್ತು. ಪ್ಯಾರಿಸ್‌ನಲ್ಲಿ ಕೆನಡಾದ 17 ವರ್ಷದ ಸಮ್ಮರ್ ಮೆಕಿಂಟಾಷ್ 2:06.56ರಲ್ಲಿ ಒಲಿಂಪಿಕ್ ದಾಖಲೆ ಮಾಡಿ ಗೆದ್ದರು, ಕೇಟ್ ಡಗ್ಲಸ್ 2:06.92. ಇಷ್ಟು ಬಿಗಿಯಾದ ರೇಸ್‌ನಲ್ಲಿ ಒಬ್ಬರಿಗೆ ಸಡಿಲ ಬಿಟ್ಟರೆ, ಅಂಗಾತ ಇದ್ದೇ ಮುಟ್ಟಿದ ಉಳಿದ ಏಳು ಜನರಿಗೆ ಏನು ಹೇಳೋದು?

ಕಂಚು ಸಿಕ್ಕಿದ್ದು ಆಸ್ಟ್ರೇಲಿಯಾದ ಕೇಲಿ ಮೆಕ್‌ಕಿಯೋನ್‌ಗೆ, 2:08.08. ವಾಲ್ಷ್‌ಗಿಂತ ಒಂದು ಸೆಕೆಂಡಿಗೂ ಹಿಂದೆ ಇದ್ದರು, ಒಪ್ತೀನಿ. ಆದರೆ 2023ರಲ್ಲಿ ಫುಕುವೊಕಾ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಇದೇ ತಿರುವಿಗೆ ಅನರ್ಹ ಆದವರು ಈ ಮೆಕ್‌ಕಿಯೋನ್ ಅವರೇ! ಅದೇ ಕೂಟದಲ್ಲಿ ಬ್ಯಾಕ್‌ಸ್ಟ್ರೋಕ್‌ನ 50, 100, 200 ಮೂರೂ ಚಿನ್ನ ಗೆದ್ದ ಹುಡುಗಿ. ಅಂಥವರನ್ನೂ ಬಿಡಲಿಲ್ಲ ಅನ್ನೋದೇ ನನಗೆ ದೊಡ್ಡದಾಗಿ ಕಾಣುತ್ತೆ.

ಇನ್ನು ನನ್ನ ಮಗಳು. ಬಳ್ಳಾರಿಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಕೊಳಕ್ಕೆ ಹೋಗ್ತಾಳೆ. 12 ವರ್ಷ ಇದ್ದಾಗ ಬೆಂಗಳೂರಿನಲ್ಲಿ ಮಕ್ಕಳ ಸ್ಪರ್ಧೆಯ 200 ಮೀಟರ್ ಮೆಡ್ಲೆಯಲ್ಲಿ ಎರಡನೆಯವಳಾಗಿ ಬಂದಳು. ಬೋರ್ಡ್ ನೋಡಿದರೆ ಹೆಸರಿನ ಮುಂದೆ ಡಿಕ್ಯೂ, ಅಂದರೆ ಅನರ್ಹ. ನಾನು ಅಧಿಕಾರಿಗಳ ಹತ್ತಿರ ಹೋಗಿ ಜೋರು ಮಾಡಿದೆ. ಕೋಚ್ ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಅವಳು ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದಳು, ಮಾತಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೇಲಿನ ಬರ್ತ್‌ನಿಂದ ಇಣುಕಿ ಹೇಳಿದಳು: "ಅಪ್ಪಾ, ಅವರು ಸರಿಯಾಗೇ ನೋಡ್ಯಾರ. ನಾನೇ ಗೋಡೆ ಎಲ್ಲೈತಿ ಅಂತ ತಿರುಗಿ ನೋಡಿಬಿಟ್ಟೆ."

ಕೊಳದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ನೀರಿನ ಮೇಲೆ ಸಣ್ಣ ಬಾವುಟಗಳ ಸಾಲು ಕಟ್ಟಿರ್ತಾರೆ. ಅಂಗಾತ ಈಜುವವರಿಗೆ ಅದೇ ಗುರುತು. ಅಲ್ಲಿಂದ ಗೋಡೆಗೆ ಮಗಳಿಗೆ ಐದು ಕೈ, ಅಂದರೆ ಐದು ಬೀಸು, ಬೇಕು. ನಾಲ್ಕು ಎಣಿಸಿ, ಐದನೇದನ್ನು ಗೋಡೆ ಅಲ್ಲೇ ಇದೆ ಅಂತ ನಂಬಿ ಚಾಚಬೇಕು. ಕೋಚ್ ಅದೊಂದನ್ನೇ ವಾರಗಟ್ಟಲೆ ಮಾಡಿಸಿದರು. ಈಗಲೂ ನಾನು ದಡದಲ್ಲಿ ನಿಂತು ಅವಳ ಜೊತೆಗೇ ಎಣಿಸ್ತೀನಿ.

ಪ್ಯಾರಿಸ್ ರೇಸಿನ ವಿಡಿಯೋ ಸಿಕ್ಕರೆ, 100 ಮೀಟರ್ ಮುಗಿಯುವಲ್ಲಿ ನಿಧಾನ ಮಾಡಿ ನೋಡಿ. ಕೈ ನೋಡಬೇಡಿ, ಭುಜ ನೋಡಿ.