ಮುಟ್ಟು ನಿಂತಿರುವುದು ಫಾರ್ಮ್‌ನ ಲಕ್ಷಣವಲ್ಲ

ಪ್ರಶ್ನೆ: ದೂರದ ಓಟಗಾರ್ತಿ ನಾನು. ಐದು ತಿಂಗಳಿಂದ ಮುಟ್ಟಾಗಿಲ್ಲ. ತೂಕ ಇಳಿದಿಲ್ಲ. ‘ಒಳ್ಳೇ ಫಾರ್ಮ್‌ನಲ್ಲಿದ್ದೀಯ, ತಲೆ ಕೆಡಿಸಿಕೊಳ್ಳಬೇಡ’ ಎನ್ನುತ್ತಾರೆ ಕೋಚ್. ಮುಟ್ಟು ಬರಿಸಲು ಗರ್ಭನಿರೋಧಕ ಮಾತ್ರೆ ನುಂಗಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರ ಬರೆದೂ ಬರೆದೂ ಸಾಕಾಗಿದೆ. ಆದರೂ ಅದೇ ಕೋಚ್‌ಗಳು, ಅದೇ ಸಮಾಧಾನ. ಮೂರು ತಿಂಗಳು ಮುಟ್ಟು ತಪ್ಪಿದಾಗಲೇ ನೀವು ಬರಬೇಕಿತ್ತು. ಮೊದಲು ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಪರೀಕ್ಷೆ ಆಗಲಿ. ಅವೆಲ್ಲ ಸರಿಯಿದ್ದರೆ ನಿಮ್ಮ ತಟ್ಟೆಯ ಲೆಕ್ಕ ತೆಗೆಯೋಣ.

ದಿನಕ್ಕೆ 2,400 ಕ್ಯಾಲೊರಿ ತಿಂದು ಓಟದಲ್ಲೇ 1,200 ಸುಟ್ಟರೆ ಉಳಿಯುವುದು 1,200. ಕೊಬ್ಬು ಬಿಟ್ಟ ದೇಹತೂಕ 48 ಕೆ.ಜಿ. ಎಂದುಕೊಳ್ಳಿ, ಕೆ.ಜಿ.ಗೆ 25 ಕ್ಯಾಲೊರಿ ಮಾತ್ರ. ಇದು 30ಕ್ಕಿಂತ ಕೆಳಗಿಳಿದಾಗ, ಐದೇ ದಿನದಲ್ಲಿ ಅಂಡಾಶಯವನ್ನು ಎಚ್ಚರಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ವಿರಳವಾಗುವುದನ್ನು ಪ್ರಯೋಗದಲ್ಲಿ ನೋಡಿದ್ದಾರೆ. ಎಲ್ಲರಿಗೂ ಒಂದೇ ಗಡಿ ಎಂದಲ್ಲ, ಕೆಲವರಿಗೆ ಅದಕ್ಕಿಂತ ಮೇಲೇ ತೊಂದರೆ ಶುರುವಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಸಂಕೇತ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಅಂಡಾಶಯ ಸುಮ್ಮನಾಗುತ್ತದೆ, ಈಸ್ಟ್ರೋಜೆನ್ ಕುಸಿಯುತ್ತದೆ. ಜೊತೆಗೆ ಥೈರಾಯ್ಡ್ ಹಾರ್ಮೋನು ಟಿ3 ಕೂಡ ಇಳಿದು ದೇಹ ಖರ್ಚನ್ನೇ ಬಿಗಿ ಹಿಡಿಯುತ್ತದೆ. ತೂಕ ಹಾಗೇ ಇದೆ ಎಂಬ ನಿಮ್ಮ ಧೈರ್ಯಕ್ಕೆ ಅರ್ಥವಿಲ್ಲದಿರುವುದು ಇದಕ್ಕೇ. ಪೆಟ್ಟು ಬೀಳುವುದು ಮೂಳೆಗೆ: ಕಾಲಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಿ ಬಿಡುವ ಬಿರುಕು) ಆದಮೇಲೆ ಹಲವರು ನನ್ನಲ್ಲಿಗೆ ಬರುತ್ತಾರೆ.

ಮಾತ್ರೆ ನುಂಗಿದರೆ ತಿಂಗಳಿಗೊಮ್ಮೆ ರಕ್ತಸ್ರಾವವೇನೋ ಆಗುತ್ತದೆ. ಆದರೆ ಅದು ಮಾತ್ರೆಯ ಸ್ರಾವ, ನಿಮ್ಮ ಚಕ್ರವಲ್ಲ. ಕಾಯಿಲೆ ಮುಚ್ಚಿಹೋಗುತ್ತದೆ, ಮೂಳೆಗೆ ರಕ್ಷಣೆಯೂ ಸಿಗುವುದಿಲ್ಲ. ಇದೊಂದೇ ಉದ್ದೇಶಕ್ಕೆ ಮಾತ್ರೆ ಬೇಡವೆಂದು ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೂ ಹೇಳುತ್ತದೆ. ಊಟ ಹೆಚ್ಚಿಸಿ, ಓಟ ತಗ್ಗಿಸಿ. ಅಭ್ಯಾಸದ ಹಿಂದೆ ಮುಂದೆ ಹೊಟ್ಟೆ ಖಾಲಿ ಬಿಡಬೇಡಿ, ಅನ್ನ ರೊಟ್ಟಿಗೆ ಹೆದರಬೇಡಿ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಮುಟ್ಟು ಮರಳಲು ತಿಂಗಳುಗಳೇ ಹಿಡಿಯಬಹುದು. ಈ ಋತುವಿನ ಪದಕ ಕೈತಪ್ಪಿದರೆ ತಪ್ಪಲಿ. ಕೋಚ್‌ಗೆ ಒಪ್ಪಿಗೆಯಿಲ್ಲದಿದ್ದರೆ ಮುಂದಿನ ಸಲ ಅವರನ್ನೂ ಕರೆತನ್ನಿ.

ಪ್ರಶ್ನೆ: ಮ್ಯಾರಥಾನ್ ಮರುದಿನ ಟೆಸ್ಟೋಸ್ಟೆರಾನ್ ಕಡಿಮೆ ಬಂತು. ಇಂಜೆಕ್ಷನ್ ತೆಗೆದುಕೊಳ್ಳಲೇ?

ಉತ್ತರ: ಮರುದಿನ ಪರೀಕ್ಷೆ ಮಾಡಿಸಿ ಎಂದವರು ಯಾರು? ಚೆನ್ನಾಗಿ ವಿಶ್ರಾಂತಿ ಪಡೆದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಮಾಡಿಸಿ. ಇಂಜೆಕ್ಷನ್ ನಿಮ್ಮದೇ ಉತ್ಪಾದನೆಯನ್ನೂ ವೀರ್ಯಾಣುಗಳನ್ನೂ ಕುಗ್ಗಿಸುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧವಂತೂ ಇದ್ದೇ ಇದೆ.

ಪ್ರಶ್ನೆ: ಓಡಿದ ಮೇಲೆ ಕಾರ್ಟಿಸಾಲ್ ಏರುತ್ತದೆಯಂತೆ, ಇಳಿಸುವುದು ಹೇಗೆ?

ಉತ್ತರ: ಅದು ದೇಹ ಒತ್ತಡಕ್ಕೆ ಸುರಿಸುವ ಹಾರ್ಮೋನು, ಓಡಿದರೆ ಏರಲೇಬೇಕು. ಬಿಟ್ಟುಬಿಡಿ.

ಪ್ರಶ್ನೆ: ‘ಅಡ್ರಿನಲ್ ದಣಿವಿಗೆ’ ಎಂದು ಜಿಮ್‌ನಲ್ಲಿ ಪುಡಿ ಕೊಟ್ಟಿದ್ದಾರೆ.

ಉತ್ತರ: ಕಾರ್ಟಿಸಾಲ್ ಸುರಿಸುವ ಅಡ್ರಿನಲ್ ಗ್ರಂಥಿ ‘ದಣಿಯುವ’ ಅಂಥ ಕಾಯಿಲೆಯೇ ಇಲ್ಲ. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗಿದ್ದು ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ಪುಡಿ ಕೊಟ್ಟವರು ನಿಮ್ಮ ಜೊತೆ ವಿಚಾರಣೆಗೆ ಬರುವುದಿಲ್ಲ.