ಜನ ಯಾವಾಗ ಕೇಳಿದರು?

ಪತ್ರ: ಈಗಿನ ನಟಿಯರೆಲ್ಲ ಸಣಕಲು, ಎಲ್ಲರಿಗೂ ಒಂದೇ ಬಿಳಿ ಬಣ್ಣ ಎಂದು ಕಳೆದ ಸಂಚಿಕೆಯಲ್ಲಿ ಬೇಸರಪಟ್ಟಿದ್ದೀರಿ. ಕಾಲಕ್ಕೆ ತಕ್ಕಂತೆ ಚೆಲುವಿನ ಅಳತೆ ಬದಲಾಗುತ್ತದೆ. ಜನ ಕೇಳಿದ್ದನ್ನೇ ಸಿನಿಮಾದವರು, ಸೀರಿಯಲ್‌ನವರು ಕೊಡುತ್ತಾರೆ. ನಾನೂ ಶಾಲೆಯಲ್ಲಿ ಪ್ರತಿ ವರ್ಷ ನಾಟಕ ಮಾಡಿಸುತ್ತೇನೆ. ಪಾತ್ರಕ್ಕೆ ಮುಖ ಒಪ್ಪಬೇಕು ಅಲ್ವಾ?
– ಶಿಕ್ಷಕಿಯೊಬ್ಬರು, ಹೊಸನಗರ

ಉತ್ತರ: ಕಾಲ ಬದಲಾಗುತ್ತದೆ, ಒಪ್ಪಿದೆ. ಹಿಂದಿನ ನಟಿಯರೂ ದಪ್ಪಗೆ ಬಣ್ಣ ಬಳಿದುಕೊಂಡೇ ಕ್ಯಾಮೆರಾ ಮುಂದೆ ನಿಂತವರು. ಆದರೆ ‘ಜನ ಕೇಳಿದ್ದನ್ನೇ’ ಅಂದಿರಲ್ಲ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಯಾವ ಜನ ಕೇಳಿದರು?

ಉಮಾಶ್ರೀ ಅವರನ್ನೇ ನೋಡಿ. ರಂಗಭೂಮಿಯಲ್ಲಿ ಪಳಗಿದ ನಟಿ. ಸಿನಿಮಾದವರು ವರ್ಷಗಟ್ಟಲೆ ನಗಿಸುವ ಪಾತ್ರಗಳನ್ನೇ ಕೊಟ್ಟರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ ‘ಗುಲಾಬಿ ಟಾಕೀಸ್’ನಲ್ಲಿ ಅವರನ್ನು ಸೂಲಗಿತ್ತಿ ಮಾಡಿದರು. ಐವತ್ತರ ಆಸುಪಾಸಿನಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಅದು ಪ್ರಶಸ್ತಿಯ ಸಿನಿಮಾ, ಜನರ ಲೆಕ್ಕ ಬೇರೆ ಅಂತೀರಾ? ಹಾಗಾದರೆ 2021ರ ಕೊನೆಯಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’? ಮೆಸ್ ನಡೆಸುವ, ಮೂರು ಹೆಣ್ಣುಮಕ್ಕಳ ತಾಯಿ ಪುಟ್ಟಕ್ಕನಾಗಿ ಬಂದವರು ಇದೇ ಉಮಾಶ್ರೀ. ಟಿಆರ್‌ಪಿಯಲ್ಲಿ ಆ ಧಾರಾವಾಹಿ ಮೇಲಕ್ಕೇರಿ ಕೂತಿತು. ಸಂಜೆ ಕೆಲಸ ಮುಗಿಸಿ ಟಿವಿ ಮುಂದೆ ಕೂತ ನಮ್ಮ ಜನವೇ ಅಲ್ವಾ ಅದನ್ನು ನೋಡಿದ್ದು?

ಹೆಗ್ಗೋಡು ನಿಮಗೆ ದೂರವೇನಲ್ಲ. 1949ರಲ್ಲಿ ಶುರುವಾದ ನೀನಾಸಂ ಎಂಬ ನಾಟಕ ಸಂಸ್ಥೆ ಅಲ್ಲಿದೆ. ಅಲ್ಲಿನ ನಾಟಕಕ್ಕೆ ತೋಟದ ಕೆಲಸ ಮುಗಿಸಿದವರೂ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ನಟಿಯ ಚರ್ಮ ಕಾಣುವುದಿಲ್ಲ. ನಡಿಗೆ ಕಾಣುತ್ತದೆ, ಮಾತು ಕೇಳುತ್ತದೆ. ‘ಹುಡುಗಿ ಕಪ್ಪಾಯ್ತು’ ಅಂತ ಅರ್ಧಕ್ಕೆ ಎದ್ದು ಹೋದವರನ್ನು ನಾನು ನೋಡಿಲ್ಲ.

ನಮ್ಮ ಪರಿಚಯದ ಹುಡುಗಿಯೊಬ್ಬಳು ಬೆಂಗಳೂರಿಗೆ ಸೀರಿಯಲ್ ಆಡಿಷನ್‌ಗೆ ಹೋಗಿದ್ದಳು. ಒಳ್ಳೆ ಕಂಠ, ಸ್ಪಷ್ಟ ಕನ್ನಡ. ಅವಳಿಂದ ಒಂದು ಮಾತನ್ನೂ ಆಡಿಸಲಿಲ್ಲ. ಫೋಟೋ ನೋಡಿ, ‘ಕಲರ್ ಸ್ವಲ್ಪ ಕಮ್ಮಿ, ನಾಯಕಿಯ ಗೆಳತಿ ಪಾತ್ರ ಇದ್ದರೆ ಹೇಳ್ತೀವಿ’ ಅಂದರಂತೆ. ಕನ್ನಡ ಬಾರದ ಬೆಳ್ಳಗಿನ ಹುಡುಗಿ ಬಂದರೆ ಮಾತ್ರ ತೊಂದರೆಯೇ ಇಲ್ಲ. ಡಬ್ಬಿಂಗ್‌ನಲ್ಲಿ ಇನ್ನೊಬ್ಬಳು ದನಿ ಕೊಡುತ್ತಾಳೆ. ಆ ದನಿಯವಳ ಹೆಸರು ನಿಮಗೆ ಗೊತ್ತಾ? ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಇದನ್ನು ಬರೀ ಫ್ಯಾಷನ್ ಅಂತ ಬಿಟ್ಟುಬಿಡಬೇಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಇಪ್ಪತ್ತೊಂದು! ಆ ಮಗುವಿಗೆ ‘ನೀನು ದಪ್ಪ’ ಎಂಬ ಯೋಚನೆ ಹತ್ತಿಸಿದ್ದು ಮನೆಯಲ್ಲಿ ಟಿವಿ ನೋಡುವ ಅಜ್ಜಿಯಂತೂ ಅಲ್ಲ. ಕೇಳುತ್ತಿರುವುದು ಜನರಲ್ಲ, ಮಾರುವವರು. 1975ರಲ್ಲಿ ಬಂದ, ಬೆಳ್ಳಗಾಗಿಸುತ್ತೇವೆ ಎನ್ನುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಹೆಸರಿನಿಂದ ‘ಫೇರ್’ ತೆಗೆಯುವುದಕ್ಕೆ 2020 ಬರಬೇಕಾಯಿತು. ಅಷ್ಟರಲ್ಲಿ ನಮ್ಮ ಮದುವೆ ಆಲ್ಬಮ್‌ಗಳೂ ಕೆಟ್ಟವು. ಸಾಗರ, ಶಿವಮೊಗ್ಗದ ಎಷ್ಟೋ ಮನೆಗಳ ಆಲ್ಬಮ್ ತೆರೆದು ನೋಡಿ. ಮದುಮಗಳ ಮುಖ ಹಾಲಿನ ಬಣ್ಣ, ಕೈ ಅವಳದೇ ಬಣ್ಣ. ಹೆತ್ತ ತಾಯಿಯೇ ‘ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ’ ಅಂತ ಸ್ಟುಡಿಯೋದವರಿಗೆ ಹೇಳಿರುತ್ತಾರೆ. ಮಗಳು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡಿರುತ್ತಾಳೆ.

ಮಕ್ಕಳಿಂದ ನಾಟಕ ಮಾಡಿಸುವ ಶಿಕ್ಷಕರು ಎಷ್ಟು ಜನ ಉಳಿದಿದ್ದಾರೆ ಹೇಳಿ? ನಿಮ್ಮಂಥವರ ಮೇಲೆ ನನಗೆ ಗೌರವ ಜಾಸ್ತಿ. ಅದಕ್ಕೇ ಇಷ್ಟು ಜೋರಾಗಿ ಬರೆದೆ. ಈ ವರ್ಷ ರಾಣಿಯ ಪಾತ್ರಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಖ ನೋಡಬೇಡಿ. ನೀವು ಕೊನೇ ಬೆಂಚಿನಲ್ಲಿ ಕೂತು, ಒಬ್ಬೊಬ್ಬರಿಂದಲೂ ಮಾತು ಹೇಳಿಸಿ. ಯಾರಿಗೆ ಪಾತ್ರ ಕೊಟ್ಟಿರಿ ಅಂತ ನಮಗೂ ಬರೆಯಿರಿ, ಫೋಟೋ ಸಮೇತ ಹಾಕುತ್ತೇವೆ.
– ಸಂ.