ಮನೆತನದಲ್ಲಿ ಲೀಡರ್ ಯಾರೂ ಇಲ್ಲ ಅಂದ್ರೆ ಊರ ಕೆಲಸಕ್ಕೆ ಸ್ಫೂರ್ತಿ ಎಲ್ಲಿಂದ ತರೋದು?

ನಿಮ್ಮ ಪ್ರಶ್ನೆ ಓದಿದೆ. ಸಿಂಧನೂರಿನ ನಿಮ್ಮ ಬಡಾವಣೆಯಲ್ಲಿ ಸ್ವಯಂಸೇವಕರ ಗುಂಪಿಗೆ ನಿಮ್ಮನ್ನು ಮುಂದೆ ನಿಲ್ಲಿಸಿದ್ದಾರೆ. ಎಲ್ಲರೂ ಹಿರಿಯರನ್ನು ನೋಡಿ ಕಲಿ ಅಂತಾರೆ. ಆದರೆ "ನಮ್ಮ ಮನೆತನದಲ್ಲಿ ಹೋರಾಟಗಾರರೂ ಇಲ್ಲ, ಮೆಂಬರೂ ಇಲ್ಲ, ನಾನು ಯಾರನ್ನು ನೋಡಿ ಕಲಿಯಲಿ" ಅಂತ ಕೇಳಿದ್ದೀರಿ.

ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನವನು. ನಾಲ್ಕು ಬೇಸಿಗೆಯಿಂದ ಊರಿನ ಕೆರೆ ಹೂಳೆತ್ತುವ ಕೆಲಸದಲ್ಲಿದ್ದೇನೆ. ನನ್ನದು ನಿಮ್ಮದಕ್ಕೆ ಪೂರ್ತಿ ಉಲ್ಟಾ. ನಮ್ಮ ಮನೆಯಲ್ಲಿ ಹೇಳಿಕೊಳ್ಳೋಕೆ ಒಂದು ದೊಡ್ಡ ಕಥೆ ಇತ್ತು. ಮೊದಲ ವರ್ಷ ನನ್ನ ಕೆಲಸ ಕೆಟ್ಟಿದ್ದೇ ಆ ಕಥೆಯಿಂದ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಕಥೆ 1972ರ ಬರದ್ದು. ನಮ್ಮ ಕಡೆ ವಯಸ್ಸಾದವರು ಈಗಲೂ "ಎಪ್ಪತ್ತೆರಡರ ಬರ" ಅಂತಲೇ ಲೆಕ್ಕ ಹೇಳ್ತಾರೆ. ಆಗ ನಮ್ಮ ಮನೆಯ ಮುಂದೆ ಒಂದು ಹಗೇವು ಇತ್ತು. ಹಗೇವು ನೋಡದವರಿಗೆ ಹೇಳಬೇಕು ಅಂದ್ರೆ, ನೆಲದೊಳಗೆ ಆಳವಾಗಿ ಅಗೆದ ಗುಂಡಿ, ಒಳಗೆ ಸುತ್ತಲೂ ಹುಲ್ಲು ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡೋದಿಲ್ಲ. ಅದನ್ನು ತೆಗೆಯುವಾಗ ಸೀದಾ ಇಳಿಯೋ ಹಾಗಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನು ಅಲ್ಲೇ ಉಸಿರುಗಟ್ಟಿ ಸಾಯಬಹುದು. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ವರ್ಷ ನಮ್ಮಜ್ಜ ಹಗೇವು ತೆಗೆಸಿ ಊರಿಗೆ ಜೋಳ ಹಂಚಿದ ಅನ್ನೋದು ನಮ್ಮ ಮನೆಯ ಕಥೆ. ಹಬ್ಬ ಇರಲಿ, ಮದುವೆ ಇರಲಿ, ಊಟಕ್ಕೆ ಕೂತಾಗ ಯಾರಾದರೂ ಒಬ್ಬರು ಅದನ್ನು ಹೇಳದೆ ಏಳ್ತಿರಲಿಲ್ಲ. ನಾನು ಅದನ್ನು ಕೇಳಿಕೊಂಡೇ ಬೆಳೆದೆ.

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಜಾಸ್ತಿ ಸ್ವಚ್ಛ ಮಾಡಿಸಿದರಲ್ಲ, ಅದನ್ನು ನೋಡಿದಾಗಿನಿಂದ ನಮ್ಮೂರ ಕೆರೆದು ತಲೆಯಲ್ಲಿ ಕೂತಿತ್ತು. ಜಾಲಿ ಬೆಳೆದು ಕೆರೆ ಅನ್ನೋ ಗುರುತೇ ಹೋಗಿತ್ತು. ಪಂಚಾಯಿತಿಯಿಂದ ಒಪ್ಪಿಗೆ ತಗೊಂಡು, ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಭೆ ಕರೆದೆವು. ನಾನು ಎದ್ದು ನಿಂತು ಮೊದಲು ಹೇಳಿದ್ದೇ ಹಗೇವಿನ ಕಥೆ. "ನಮ್ಮಜ್ಜ ಅವತ್ತು ಊರನ್ನು ಉಳಿಸಿದ, ಇವತ್ತು ನಮ್ಮ ಸರದಿ" ಅಂದೆ. ಚಪ್ಪಾಳೆ ಬಿತ್ತು. ಆದರೆ ದಲಿತ ಕೇರಿಯಿಂದ ಬಂದಿದ್ದ ಏಳೆಂಟು ಜನ ಕಟ್ಟೆಯ ಕೆಳಗೆ, ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರ ಕೈ ಅಲ್ಲಾಡಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಭಾನುವಾರ ಕೆಲಸ ಶುರುವಾಯಿತು. ಕೇರಿಯಿಂದ ಒಬ್ಬರೂ ಬರಲಿಲ್ಲ. ಎರಡನೇ ಭಾನುವಾರವೂ ಇಲ್ಲ. ನಮ್ಮ ಗುಂಪಿನವರು "ಕೂಲಿ ಇಲ್ಲಂದ್ರ ಅವರು ಬರಂಗಿಲ್ಲ ಬಿಡು" ಅಂದರು. ನನಗೆ ಆ ಮಾತು ಸರಿ ಅನ್ನಿಸಲಿಲ್ಲ. ಹಿರೇಹಳ್ಳದ ಕೆಲಸಕ್ಕೆ ಇದೇ ಕೇರಿಯ ಹುಡುಗರು ಸ್ವಂತ ಖರ್ಚಿನಲ್ಲಿ ಹೋಗಿ ಬಂದಿದ್ದು ನನಗೆ ಗೊತ್ತಿತ್ತು.

ಮೂರನೇ ವಾರ ನಾನೊಬ್ಬನೇ ಕೇರಿಗೆ ಹೋದೆ. ಒಬ್ಬ ಆಯಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಎಪ್ಪತ್ತರ ಹತ್ತಿರ ವಯಸ್ಸು. ಯಾರ ಮಗ ಅಂತ ಕೇಳಿದರು, ಹೇಳಿದೆ. ಕೂಡು ಅಂದರು. ನಾನು ಕೆರೆ ಮಾತು ಎತ್ತುವ ಮುಂಚೆ ಅವರೇ ಶುರು ಮಾಡಿದರು.

"ನಿಮ್ಮಜ್ಜ ಜ್ವಾಳ ಕೊಟ್ಟಿದ್ದು ಖರೇ ಐತಪ್ಪಾ. ಸುಳ್ಳು ಯಾಕ ಹೇಳ್ಲಿ. ಆದ್ರ ನಮ್ಮನ್ನ ಅಗಸ್ಯಾಗ ನಿಂದ್ರಸ್ತಿದ್ರು. ಊರಾಗಿನ ಮಂದಿಗೆ ಮನಿ ಮುಂದ ಸೇರಿಲೆ ಅಳದು ಕೊಡ್ತಿದ್ರು. ನಮಗ ದೂರ ನಿಂತು ಸೆರಗಿಗೆ ಸುರೀತಿದ್ರು. ಅರ್ಧ ನೆಲಕ್ಕ ಬೀಳತಿತ್ತು. ನಮ್ಮವ್ವ ಮಣ್ಣಾಗಿಂದ ಒಂದೊಂದ ಕಾಳ ಆರಸ್ತಿದ್ಲು, ನಾನೂ ಆರಿಸೀನಿ. ಉಂಡ ಜ್ವಾಳನೂ ಮರ್ತಿಲ್ಲ, ಆರಿಸಿದ್ದೂ ಮರ್ತಿಲ್ಲ."

ನನಗೆ ಮಾತೇ ಬರಲಿಲ್ಲ. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾನೂನು ಬಂದಿತ್ತು. ಅದಾಗಿ 17 ವರ್ಷದ ಮೇಲೆ ನಮ್ಮೂರ ಅಗಸಿಯಲ್ಲಿ, ಅಂದ್ರೆ ಊರ ಹೆಬ್ಬಾಗಿಲಲ್ಲಿ, ನಡೆದದ್ದು ಇದು, ನಡೆಸಿದ್ದು ನಾನು ಹೆಮ್ಮೆಯಿಂದ ಹೆಸರು ಹೇಳುತ್ತಿದ್ದ ನನ್ನ ಅಜ್ಜ. ಆಯಿಗೆ ಸಿಟ್ಟು ಇರಲಿಲ್ಲ, ಅದು ನನಗೆ ಇನ್ನೂ ಕಷ್ಟ ಆಯಿತು. ಹೊರಡುವಾಗ ಅವರು ಒಂದು ಮಾತು ಹೇಳಿದರು. ಅವತ್ತು ಹಗೇವಿಗೆ ದೀಪ ಇಳಿಸಿದ ಮೇಲೆ ಮೊದಲು ಒಳಗೆ ಇಳಿದವರು ಅವರ ಅಪ್ಪ. ಅಂದರೆ ಜೀವದ ಗಂಡಾಂತರ ಇದ್ದ ಕೆಲಸಕ್ಕೆ ಅವರು ಬೇಕಾಗಿತ್ತು, ಕಾಳು ಅಳೆಯುವಾಗ ಮಾತ್ರ ದೂರ. ನಮ್ಮ ಮನೆಯ ಕಥೆಯಲ್ಲಿ ಆ ಮನುಷ್ಯ ಇರಲೇ ಇಲ್ಲ.

ಮನೆಗೆ ಬಂದು ಸೋದರತ್ತೆಯನ್ನು ಕೇಳಿದೆ. ಅವರಿಗೆ ಗೊತ್ತಿತ್ತು. "ನೀ ಕೇಳಲಿಲ್ಲ, ನಾವು ಹೇಳಲಿಲ್ಲ" ಅಂದರು. ಸುಮಾರು ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ತಾವಾಗಿಯೇ ನಮ್ಮ ಅಮ್ಮನ ಬಗ್ಗೆ ಹೇಳಿದರು (ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ). ಆ ಅಮ್ಮನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಕಥೆ ಹೇಳುತ್ತಿರಲಿಲ್ಲ. ರೊಟ್ಟಿ ಬಡಿದಳು, ಮಕ್ಕಳನ್ನು ಸಾಕಿದಳು, ಅಷ್ಟೇ.

ಕೊಪ್ಪಳ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಹೋಗುತ್ತದೆ, ನಿಮಗೂ ಗೊತ್ತಿರಬಹುದು. ಈಗ ಟ್ರ್ಯಾಕ್ಟರ್, ಆಗ ಚಕ್ಕಡಿ. ನಮ್ಮೂರಲ್ಲಿ ಮನೆ ಮನೆಗೆ ಹೋಗಿ ರೊಟ್ಟಿ ಕೂಡಿಸುತ್ತಿದ್ದದ್ದು ಅಮ್ಮ. ಅವರ ಪದ್ಧತಿ ಹೀಗಿತ್ತಂತೆ: ಯಾವತ್ತೂ ದೊಡ್ಡ ಮನೆಯಿಂದ ಶುರು ಮಾಡುತ್ತಿರಲಿಲ್ಲ. ಊರಿನ ಅತಿ ಸಣ್ಣ ಮನೆಗೆ ಮೊದಲು ಹೋಗಬೇಕು. ಅಲ್ಲಿ ಎರಡು ರೊಟ್ಟಿ ಕೊಟ್ಟರೆ ಬುಟ್ಟಿಯ ತಳದಲ್ಲಿ ಆ ಎರಡು. ಅದರ ಮೇಲೆ ಉಳಿದವರದು. ಬುಟ್ಟಿಗೆ ಬಿದ್ದ ಮೇಲೆ ಯಾರ ಮನೆಯದು ಎಷ್ಟು ಅಂತ ಎಣಿಸೋದಿಲ್ಲ. ಯಾಕೆ ಅಂತ ಅತ್ತೆ ಚಿಕ್ಕವರಿದ್ದಾಗ ಕೇಳಿದ್ದಕ್ಕೆ ಅಮ್ಮ ಹೇಳಿದ್ದು: "ದೊಡ್ಡ ಮನಿಯಿಂದ ಶುರು ಮಾಡಿದ್ರ ಸಣ್ಣ ಮನ್ಯಾರು ಬಾಗ್ಲಾ ಹಾಕ್ಕೊಂತಾರ."

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ವಾಟ್ಸಾಪ್ ಗ್ರೂಪ್. ಜೆಸಿಬಿ ಬಾಡಿಗೆ, ಡೀಸೆಲ್ಲಿಗೆ ಅಂತ ಚಂದಾ ಎತ್ತಿದ್ದೆವು. ಯಾರು ಎಷ್ಟು ಕೊಟ್ಟರು ಅಂತ ನಾನೇ ದಿನಾ ಹಾಕುತ್ತಿದ್ದೆ, ದೊಡ್ಡ ಮೊತ್ತ ಮೇಲೆ, ಸಣ್ಣದು ಕೆಳಗೆ. ಪಾರದರ್ಶಕ ಇರಬೇಕು ಅಂತ ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಮೊದಲ ವಾರದ ನಂತರ ನೂರು, ಇನ್ನೂರು ಕೊಡುವವರು ನಿಂತೇ ಹೋದರು. ಐವತ್ತು ವರ್ಷದ ಹಿಂದೆ ಅಮ್ಮ ಕಂಡುಕೊಂಡಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಏನು ಬದಲಾಯಿಸಿದೆವು ಅಂದ್ರೆ, ಸಭೆ ಗುಡಿ ಕಟ್ಟೆಯಿಂದ ಶಾಲೆ ಮೈದಾನಕ್ಕೆ ಬಂತು. ಕಟ್ಟೆ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಅನ್ನೋದು ಊರಿನ ಮೈಯಲ್ಲೇ ಇರುತ್ತದೆ, ಬಾಯಿಮಾತಿನಲ್ಲಿ "ಬರ್ರಿ ಮ್ಯಾಲ ಕೂಡ್ರಿ" ಅಂದರೆ ಸಾಲೋದಿಲ್ಲ. ಮೈದಾನದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಕೊಟ್ಟವರ ಪಟ್ಟಿ ನಿಂತಿತು. ಒಟ್ಟು ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಅನ್ನೋದು ಮಾತ್ರ ರಸೀದಿ ಸಮೇತ ಶಾಲೆ ಗೋಡೆಗೆ ಅಂಟಿಸಿದೆವು. ಯಾರಿಗಾದರೂ ಅನುಮಾನ ಬಂದರೆ ಪೂರ್ತಿ ಪುಸ್ತಕ ನೋಡಬಹುದು. ಕೆಲಸದ ದಿನ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಎಲ್ಲಾ ಒಂದೇ ಕಡೆ, ನೀರಿನ ಕೊಡವೂ ಒಂದೇ. ಇದಕ್ಕೆ ಇಬ್ಬರು ಮೂವರು ಹಿರಿಯರು ಮುಖ ತಿರುಗಿಸಿದರು, ಒಬ್ಬರು ಬರೋದನ್ನೇ ಬಿಟ್ಟರು. ಬಿಡಲಿ ಅಂದೆವು. ಹೂಳನ್ನು ಹೊಲಕ್ಕೆ ಒಯ್ಯುವ ರೈತರಿಗೆ ಟ್ರ್ಯಾಕ್ಟರ್ ಸರದಿ ಕೊಡುವಾಗಲೂ ಅಮ್ಮನ ಲೆಕ್ಕವೇ, ಸಣ್ಣ ಹಿಡುವಳಿಯವರದು ಮೊದಲು.

ಮುಂದಿನ ಸಭೆಯಲ್ಲಿ ನಾನು ಹಗೇವಿನ ಕಥೆಯನ್ನು ಮತ್ತೆ ಹೇಳಿದೆ, ಆಯಿಯನ್ನು ಮೊದಲು ಕೇಳಿ, ಅವರು ಹೂಂ ಅಂದ ಮೇಲೆ. ಈ ಸಲ ಅಗಸಿಯನ್ನೂ ಸೇರಿಸಿ, ಮೊದಲು ಇಳಿದ ಅವರ ಅಪ್ಪನನ್ನೂ ಸೇರಿಸಿ ಹೇಳಿದೆ. ನಮ್ಮ ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಆದರೆ ಆ ಭಾನುವಾರ ಕೇರಿಯಿಂದ ಹನ್ನೊಂದು ಜನ ಸಲಿಕೆ, ಬುಟ್ಟಿ ಹಿಡಿದು ಬಂದರು.

ಈಗ ನಿಮ್ಮ ವಿಷಯ. ಮನೆಯಲ್ಲಿ ದೊಡ್ಡ ಹೆಸರು ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡ ಕಥೆಗಿಂತ ನನಗೆ ಉಪಯೋಗಕ್ಕೆ ಬಂದಿದ್ದು ಎರಡು ರೊಟ್ಟಿಯ ಕಥೆ. ಅಂಥದ್ದು ನಿಮ್ಮ ಮನೆಯಲ್ಲೂ ಇರುತ್ತದೆ, ಆದರೆ ಕೇಳುವ ರೀತಿ ಬೇರೆ ಬೇಕು. "ನಮ್ಮಜ್ಜಿ ಹೆಂಗಿದ್ಲು" ಅಂತ ಕೇಳಿದರೆ "ಭಾಳ ಚೊಲೊ ಇದ್ಲು" ಅಂತ ಮಾತು ಮುಗಿಯುತ್ತದೆ. ಕೆಲಸದ ಬಗ್ಗೆ ಕೇಳಿ. ನೀರು ಎಲ್ಲಿಂದ ತರುತ್ತಿದ್ದರು, ಹೆರಿಗೆ ಆದಾಗ ಯಾರನ್ನು ಕರೆಯುತ್ತಿದ್ದರು, ಜಗಳ ಆದಾಗ ಯಾರ ಮನೆ ಬಾಗಿಲಿಗೆ ಜನ ಹೋಗುತ್ತಿದ್ದರು, ಸಾಲ ಯಾರು ಕೊಟ್ಟರು.

ನಿಮ್ಮದು ಸಿಂಧನೂರು. ತುಂಗಭದ್ರಾ ಡ್ಯಾಂ 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಪೂರ್ತಿ ಬದಲಾದ ಸೀಮೆ ಅದು. ಎಷ್ಟೋ ಮನೆತನಗಳು ಆಮೇಲೆ ಬಂದು ಕ್ಯಾಂಪ್ ಕಟ್ಟಿಕೊಂಡವರದು. ನಿಮ್ಮವರು ಕಾಲುವೆಗಿಂತ ಮುಂಚಿನವರೋ, ಆಮೇಲೆ ಬಂದವರೋ? ಬಂದವರಾದರೆ ಮೊದಲ ರಾತ್ರಿ ಎಲ್ಲಿ ಮಲಗಿದರು, ಮೊದಲ ಊಟ ಯಾರು ಹಾಕಿದರು ಅಂತ ಕೇಳಿ. ಹಳಬರಾದರೆ, 1948ರ ಸೆಪ್ಟೆಂಬರ್ 17ರವರೆಗೆ ನಿಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು, ನಿಜಾಮರ ಪರ ಇದ್ದ ರಜಾಕಾರರ ಗಲಾಟೆಯಲ್ಲಿ ಎಷ್ಟೋ ಜನ ಊರು ಬಿಟ್ಟಿದ್ದರು. ಎಲ್ಲರ ಮನೆಯಲ್ಲೂ ಅಳವಂಡಿ ಶಿವಮೂರ್ತಿಸ್ವಾಮಿಗಳಂಥ ಹೋರಾಟಗಾರರು ಇರೋದಿಲ್ಲ. ಆದರೆ ಊರು ಬಿಟ್ಟವರನ್ನು ಯಾರೋ ಒಳಗೆ ಕರೆದುಕೊಂಡಿರುತ್ತಾರೆ, ಅಲ್ವಾ? ಅವರು ಯಾರು ಅಂತ ಹುಡುಕಿ.

ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ಬಿಡಬೇಡಿ. ಎತ್ತಿನ ಮೇಲೆ ಬಂದು ವಂಶಾವಳಿ ಓದಿ ಕಾಳು ಪಡೆದು ಹೋಗುವ ಅವರ ಹತ್ತಿರ ತಲೆಮಾರುಗಳ ಲೆಕ್ಕ ಇರುತ್ತದೆ, ಎಲ್ಲಿಂದ ಎಲ್ಲಿಗೆ ಬಂದಿರಿ ಅನ್ನೋದು ಗೊತ್ತಾಗುತ್ತದೆ. ಆದರೆ ನಮ್ಮ ಮನೆಯ ವಂಶಾವಳಿ ಓದಿದಾಗ ಬಂದಿದ್ದು ಗಂಡಸರ ಹೆಸರೇ, ಅಮ್ಮನ ಹೆಸರು ಬರಲಿಲ್ಲ. ಹೆಂಗಸರ ವಿಷಯ ಹೆಂಗಸರನ್ನೇ ಕೇಳಬೇಕು. ಹಳೇ ಜಮೀನಿನ ಕಾಗದ ಉರ್ದುವಿನಲ್ಲಿ ಇದ್ದರೆ ಎಸೆಯಬೇಡಿ, ಉರ್ದು ಶಾಲೆಯ ಮೇಷ್ಟ್ರೊಬ್ಬರಿಗೆ ತೋರಿಸಿ.

ಮತ್ತೆ ನಿಮ್ಮ ಮನೆಯ ಬಗ್ಗೆ ಮನೆಯ ಹೊರಗೆ ಕೇಳಿ. ಇದು ಎಲ್ಲಕ್ಕಿಂತ ಕಷ್ಟ. ನಿಮ್ಮ ಹೊಲದಲ್ಲಿ ದುಡಿದವರು, ನಿಮ್ಮ ಹಿರಿಯರು ಯಾರ ಹೊಲದಲ್ಲಿ ದುಡಿದರೋ ಅವರು, ಅಕ್ಕಪಕ್ಕದ ಮನೆಯವರು. ಕೆಟ್ಟದ್ದು ಬಂದರೆ ವಾದ ಮಾಡಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಬಡಾವಣೆಯಲ್ಲಿ ಯಾವ ಮನೆಯವರು ನಿಮ್ಮ ಸಭೆಗೆ ಬರುತ್ತಿಲ್ಲವೋ ಅಲ್ಲಿಂದಲೇ ಶುರು ಮಾಡಿ.

ಕಳೆದ ಜಾತ್ರೆಗೆ ನಮ್ಮೂರಿಂದ ರೊಟ್ಟಿ ಹೋಗುವಾಗ ಅತ್ತೆ ಬುಟ್ಟಿ ಹಿಡಿದು ಮೊದಲು ಆ ಆಯಿಯ ಮನೆಗೆ ಹೋದರು. ಐದು ರೊಟ್ಟಿ ಕೊಟ್ಟು ಕಳಿಸಿದರಂತೆ. ಆಯಿಯ ಮೊಮ್ಮಗ ಮಾತ್ರ ಇನ್ನೂ ಕೆರೆ ಕೆಲಸಕ್ಕೆ ಬಂದಿಲ್ಲ. "ನೋಡೋಣ ಅಣ್ಣ" ಅಂತಾನೆ. ಪ್ರತಿ ಶನಿವಾರ ಸಂಜೆ ಅವನ ಮನೆಗೆ ಹೋಗಿ ಕರೆದು ಬರ್ತೀನಿ.